ನಿಮ್ಮ ಹೊಲ ಹಸಿರಿದ್ರ ಸಾಲದು, ಬದುವಿನ ಆಚೆ ಯಾವ ಬಣ್ಣ ಐತಿ ನೋಡ್ರಿ

ಎರಡು ವರ್ಷದ ಹಿಂದೆ, ಮೇ ತಿಂಗಳು. ಜಲನಗರ ದಾಟಿದ ಮ್ಯಾಲೆ ಇರೋ ನಮ್ಮ ಹೊಲದಾಗ ಲಿಂಬೆ ಗುಂಡಿ ತೆಗೆಸ್ತಿದ್ದೆ. ಎರಡು ಎಕರೆ, ಇಪ್ಪತ್ತು ಅಡಿಗೊಂದು ಗಿಡ, ಒಟ್ಟು 216 ಗುಂಡಿ. ಮಣ್ಣು ಪರೀಕ್ಷೆ ಆಗಿತ್ತು, ಬೋರಿನ ನೀರಿನ ಪರೀಕ್ಷೆ ಆಗಿತ್ತು, ಸಸಿಗೆ ಮುಂಗಡ ಕೊಟ್ಟಾಗಿತ್ತು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಾಗ ಓದಿ ಬಂದವನು ನಾನು, ಗುಂಡಿಗೆ ಎಷ್ಟು ಗೊಬ್ಬರ ಅಂತ ನಿದ್ದಿಗಣ್ಣಾಗೂ ಹೇಳ್ತೀನಿ. ಆವತ್ತು ಹೊಲ ನೋಡಾಕ ಬಂದ ಗೆಳೆಯ ಒಬ್ಬ, ಲೇಔಟ್ ನಕ್ಷೆ ಬರೆಯೋ ಕೆಲಸ ಮಾಡೋನು, ಒಂದೇ ಮಾತು ಕೇಳಿದ: "ಮಾಸ್ಟರ್ ಪ್ಲಾನಿನಾಗ ನಿಮ್ಮ ಸರ್ವೆ ನಂಬರ್ ಯಾವ ಬಣ್ಣ ಐತಿ?"

ನನಗ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಲಿಂಬೆ ಗಿಡ ನಾಲ್ಕನೇ ವರ್ಷಕ್ಕೆ ಕೈಗೆ ಹತ್ತಿ, ಚೆನ್ನಾಗಿ ನೋಡ್ಕೊಂಡ್ರ ಹದಿನೈದು–ಇಪ್ಪತ್ತು ವರ್ಷ ಕಾಯಿ ಕೊಡ್ತದ. ಅಷ್ಟು ವರ್ಷ ಆ ಜಾಗ ಹೊಲವಾಗೇ ಇರ್ತದೋ ಇಲ್ಲೋ ಅನ್ನೋದನ್ನ ನಾವು ಯಾರೂ ವಿಚಾರ ಮಾಡಿರಲಿಲ್ಲ.

ಮಾಸ್ಟರ್ ಪ್ಲಾನ್ ಅಂದ್ರ ಮಹಾಯೋಜನೆ. ಊರು ಯಾವ ಕಡೆ ಬೆಳೀಬೇಕು ಅಂತ ಯೋಜನಾ ಪ್ರಾಧಿಕಾರ ಮಾಡೋ ನಕ್ಷೆ. ಸಾಮಾನ್ಯವಾಗಿ ಹಳದಿ ಅಂದ್ರ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ತಿಳಿ ಹಸಿರು ಕೃಷಿ. ತಿಕೋಟಾ, ಬಬಲೇಶ್ವರ ಕಡೆಯ ಗೆಳೆಯರು "ನಾವು ಪಾಲಿಕೆ ಹದ್ದಿನಾಗ ಇಲ್ಲಲ್ಲ" ಅಂತ ಸುಮ್ಮನಾಗ್ತಾರ. ಯೋಜನಾ ಪ್ರದೇಶ ಪಾಲಿಕೆ ಹದ್ದಿಗಿಂತ ದೊಡ್ಡದಿರ್ತದ, ಸುತ್ತಲಿನ ಹಳ್ಳಿಗಳ ಸರ್ವೆ ನಂಬರೂ ಅದರಾಗ ಬರ್ತಾವ. ನಿಮ್ಮ ಹಳ್ಳಿ ಬಂದದೋ ಇಲ್ಲೋ ಅಂತ ಪ್ರಾಧಿಕಾರದ ಕಚೇರಿಯಲ್ಲೇ ಕೇಳ್ರಿ.

ನಾನು ಹೋಗಿ ನೋಡಿದೆ. ನಮ್ಮ ಹೊಲ ಹಸಿರು. ಖುಷಿಯಾಗಿ ಬಂದು ಜುಲೈನಲ್ಲಿ ಗಿಡ ಹಚ್ಚಿದೆ. ನನ್ನ ತಪ್ಪು ಆಗಿದ್ದು ಅಲ್ಲೇ. ನಮ್ಮ ಹೊಲ ಅಷ್ಟೇ ನೋಡಿದೆ, ಬದುವಿನ ಆಚೆ ಏನು ನಡದೈತಿ ಅಂತ ಕೇಳಲಿಲ್ಲ.

ಬದುವಿನ ಆಚೆ ನಮ್ಮ ಕಾಕಾನ ಮೂರು ಎಕರೆ. ಅಜ್ಜನ ಹೊಲ ಪಾಲಾದಾಗ ಬಂದದ್ದು. ಅದೂ ಹಸಿರೇ ಇತ್ತು. ಆದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಾಗ 14-ಎ ಅನ್ನೋ ಕಲಂ ಐತಿ. ಮಹಾಯೋಜನೆ ಅಂತಿಮ ಆದ ಮ್ಯಾಲೂ ಒಂದು ಸರ್ವೆ ನಂಬರಿನ ಬಣ್ಣ ಬದಲಿಸಾಕ ಈ ಕಲಂನಾಗ ದಾರಿ ಐತಿ. ಬದಲಿಸೋ ಮೊದಲು ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಜನರ ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ನೆನಪಿಡ್ರಿ, ಹದಿನೈದೇ ದಿನ. ಭೂಸ್ವಾಧೀನದ ಹಂಗ ಅಲ್ಲ ಇದು. ದೇವನಹಳ್ಳಿ ರೈತರ ಹೋರಾಟ ನೀವು ಮೊಬೈಲಿನಾಗ ನೋಡಿರ್ತೀರಿ. 1,777 ಎಕರೆ ಸ್ವಾಧೀನದ ಪ್ರಸ್ತಾವವನ್ನ ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ಅಲ್ಲಿ ಹೋಗೋದು ರೈತನದೇ ಜಮೀನು, ಹಂಗಾಗಿ ಊರೆಲ್ಲ ಕೂಡ್ತದ. ಬಣ್ಣ ಬದಲಿ ಆಗೋದು ಪಕ್ಕದವನ ಹೊಲದ್ದು. ನಿಮ್ಮ ಮನೆ ಬಾಗಿಲಿಗೆ ಯಾರೂ ಬಂದು ಹೇಳೂದಿಲ್ಲ.

ಕಾಕಾನ ಹೊಲದ ಪ್ರಕಟಣೆ ನಾನು ಓದಿದ್ದು ದೀಪಾವಳಿ ಆದ ಮ್ಯಾಲೆ, ಹಳೇ ಪೇಪರಿನ ಕಟ್ಟು ಬಿಚ್ಚಿ ಹಣ್ಣಿನ ಟ್ರೇಗೆ ಹಾಸುವಾಗ. ದಿನ ಮುಗಿದು ವಾರ ಆಗಿತ್ತು. ಮೊದಲೇ ಕಂಡಿದ್ರ ಆಕ್ಷೇಪಣೆ ಕೊಡ್ತಿದ್ನಾ? ಖರೇ ಹೇಳಬೇಕಂದ್ರ ಗೊತ್ತಿಲ್ಲ. ಕಾಕಾನಿಗೆ ಮಗಳ ಮದುವಿ ಸಾಲ ಇತ್ತು, ಬೋರು ಎರಡು ಫೇಲ್ ಆಗಿದ್ದವು. "ನೀ ಓದಿದಾಂವ, ಹೊಲಾ ಮಾಡ್ತಿ. ನನಗ ಈ ವಯಸ್ಸಿನ್ಯಾಗ ಯಾಕ ಬೇಕಪ್ಪಾ?" ಅಂದ. ಅದಕ್ಕ ನನ್ನ ಹತ್ರ ಉತ್ತರ ಇರಲಿಲ್ಲ. ಮನೆ ಕಟ್ಟೋರ ಮ್ಯಾಲೂ ನನಗ ಸಿಟ್ಟಿಲ್ಲ. ಈಗ ಓಣಿ, ಮನೆ ಇರೋ ಕಡೆ ಎಲ್ಲ ಒಂದು ಕಾಲಕ್ಕ ಜೋಳ ಬೆಳೆದದ್ದೇ.

ಬಣ್ಣ ಬದಲಾತು, ಎನ್‌ಎ ಆತು, ಮರುವರ್ಷ ಬ್ಯಾಸಗಿಯಾಗ ಜೆಸಿಬಿ ಬಂತು. ನಮ್ಮ ಕಡೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಬ್ಯಾರೇ ತಿಂಗಳಿಗಿಂತ ಸೆಪ್ಟೆಂಬರಿನಾಗ ಜಾಸ್ತಿ ಬೀಳ್ತದ. ಮೊದಲು ಕಾಕಾನ ಕರಿಮಣ್ಣು ಅದನ್ನ ಕುಡೀತಿತ್ತು. ಈಗ ಗರಸು ಹಾಕಿ ರೋಲರ್ ಹೊಡೆದ ರಸ್ತೆ. ನೀರೆಲ್ಲ ಇಳಿಜಾರಿಗೆ ನಮ್ಮ ಒಡ್ಡು ಒಡೆದು ಬಂತು. ಲಿಂಬೆಗೆ ಬುಡದಾಗ ನೀರು ನಿಂತ್ರ ಆಗಂಗಿಲ್ಲ, ಬೇರು ಕೊಳೀತದ, ಕಾಂಡದಿಂದ ಅಂಟು ಸೋರ್ತದ. ಹನ್ನೊಂದು ಗಿಡ ಹೋದವು. ಅದಕ್ಕಿಂತ ದೊಡ್ಡ ಚಿಂತಿ ಬ್ಯಾರೇ ಐತಿ. ಸಾವಯವ ಪ್ರಮಾಣಪತ್ರಕ್ಕೆ ಲಿಂಬೆಯಂಥ ಬಹುವಾರ್ಷಿಕ ಬೆಳೆಗೆ ಮೂರು ವರ್ಷದ ಪರಿವರ್ತನೆ ಅವಧಿ ಬೇಕು. ನಾಳೆ ಆ ಪ್ಲಾಟಿನಾಗ ಮನೆ ಎದ್ದು ಬಚ್ಚಲ ನೀರು ಇದೇ ದಾರಿ ಹಿಡಿದ್ರ, ಆ ಮೂರು ವರ್ಷದ ಗತಿ ಏನು?

ಅಷ್ಟಾದ ಮ್ಯಾಲೆ ಕಲ್ತದ್ದನ್ನ ಹೇಳ್ತೀನಿ, ಯಾಕಂದ್ರ ಸ್ವಲ್ಪ ಉಪಯೋಗಕ್ಕೂ ಬಂತು. ಬಣ್ಣ ಬದಲಾದ್ರ ಎಲ್ಲಾ ಮುಗೀತು ಅಂತ ಅಲ್ಲ. ಲೇಔಟ್ ನಕ್ಷೆಗೆ ಬ್ಯಾರೇ ಮಂಜೂರಾತಿ ಬೇಕು, ಅದರಾಗ ಉದ್ಯಾನಕ್ಕೆ, ರಸ್ತೆಗೆ ಜಾಗ ಬಿಡಲೇಬೇಕು. ಆ ಉದ್ಯಾನ ಯಾವ ಮೂಲ್ಯಾಗ ಬರಬೇಕು ಅನ್ನೋದು ನಕ್ಷೆ ಬರೆಯೋ ಹೊತ್ತಿಗೆ ತೀರ್ಮಾನ ಆಗ್ತದ. ನನ್ನ ಗೆಳೆಯ ಹೇಳಿದ, "ಬ್ಯಾಡ ಅಂತ ಅರ್ಜಿ ಬರೀಬ್ಯಾಡ, ಏನು ಬೇಕು ಅಂತ ಬರಿ." ಕೆಲಸ ಶುರು ಆಗೋ ಮೊದಲೇ ಮೂರು ಕೇಳಿದ್ದೆ: ಉದ್ಯಾನ ನಮ್ಮ ಬದುವಿನ ಕಡೆ ಬರಲಿ, ಬಂಡಿ ದಾರಿ ಮುಚ್ಚಬಾರದು, ಮಳೆನೀರಿನ ಗಟಾರ ಹಳ್ಳಕ್ಕೆ ಸೇರಲಿ. ಬಂಡಿ ದಾರಿಗೆ ಸಾಕ್ಷಿ ಕಂದಾಯ ಇಲಾಖೆಯ ಗ್ರಾಮ ನಕ್ಷೆ. ಆನ್‌ಲೈನಿನಾಗ ಸಿಗ್ತದ, ಹಳ್ಳ, ಬಂಡಿ ದಾರಿ, ಕಾಲುದಾರಿ ಗೆರೆ ಎಳೆದಿರ್ತಾರ. ಅರ್ಜಿ ಜೊತೆ ಪಹಣಿ, ಗಿಡದ ಎಣಿಕೆ, ಬೋರು ಇರೋ ಜಾಗ, ನೀರು ಹರಿಯೋ ದಿಕ್ಕು, ಸ್ಥಳ–ತಾರೀಖು ಮೂಡೋ ಫೋಟೊ ಹಚ್ಚಿದೆ. ಕಾಕಾನೂ ಪ್ಲಾಟ್ ಮಾಡೋರಿಗೆ ಒಂದು ಮಾತು ಹೇಳಿದ. ಉದ್ಯಾನ ನಮ್ಮ ಕಡೆ ಬಂತು. ಬಂಡಿ ದಾರಿ ಉಳೀತು. ಗಟಾರ ಇನ್ನೂ ಅರ್ಧಕ್ಕೇ ನಿಂತೈತಿ, ಸೆಪ್ಟೆಂಬರಿನಾಗ ಆದದ್ದು ಅದರಿಂದಲೇ.

ನೀವು ಮೊಬೈಲಿನಾಗ ದಿಶಾಂಕ್ ಆ್ಯಪ್ ಹಾಕ್ಕೊಳ್ರಿ. ಹೊಲದಾಗ ನಿಂತು ತೆಗೆದ್ರ ನಿಂತ ಜಾಗದ ಸರ್ವೆ ನಂಬರ್ ತೋರಿಸ್ತದ. ನಿಮ್ಮದಷ್ಟೇ ಅಲ್ಲ, ನಾಲ್ಕೂ ಕಡೆಯ ನಂಬರ್ ಬರ್ಕೊಳ್ರಿ, ಮೇಲಿನ ಇಳಿಜಾರಿಂದು ಬಿಡಬ್ಯಾಡ್ರಿ. ಆ ಪಟ್ಟಿ ಹಿಡ್ಕೊಂಡು ಹೋಗಿ ಮಹಾಯೋಜನೆ ನಕ್ಷೆ ನೋಡ್ರಿ. ಪ್ರಕಟಣೆ ಕಣ್ಣಿಗೆ ಬೀಳಲಿ ಅಂತ ನಮ್ಮೂರಾಗ ಈಗ ಆರು ಜನ ಒಂದು ವಾಟ್ಸಾಪ್ ಗುಂಪು ಮಾಡೀವಿ. ದಿನಕ್ಕೊಬ್ಬರ ಪಾಳಿ, ಸ್ಥಳೀಯ ಪತ್ರಿಕೆಯ ಜಾಹೀರಾತು ಪುಟದ ಫೋಟೊ ಹಾಕಬೇಕು. ಇಡೀ ಮಹಾಯೋಜನೆಯ ಪರಿಷ್ಕರಣೆ ಹತ್ತು ವರ್ಷಕ್ಕೊಮ್ಮೆಯಾದ್ರೂ ಆಗಬೇಕು ಅಂತ ಕಾನೂನು ಹೇಳ್ತದ, ಆವಾಗ ಆಕ್ಷೇಪಣೆಗೆ 60 ದಿನ ಸಿಗ್ತಾವ. ಅರ್ಜಿ ಯಾವಾಗ ಕೊಟ್ರೂ ನಿಮ್ಮ ಪ್ರತಿ ಮ್ಯಾಲೆ ಸ್ವೀಕೃತಿ ಸಿಕ್ಕಾ ಹಾಕಿಸ್ಕೊಳ್ರಿ.

ಆದಿಲ್‌ಶಾಹಿ ಕಾಲದಾಗ ತೊರವಿ ಕಡೆಯಿಂದ ನೆಲದೊಳಗಿನ ಕಾಲುವೆ ತೋಡಿ ಊರಿಗೆ ನೀರು ತಂದಿದ್ರು, ಸುರಂಗ ಬಾವಡಿ ಈಗಲೂ ಐತಿ. ನೀರು ಎಲ್ಲಿಂದ ಎಲ್ಲಿಗೆ ಹೋಗ್ತದ ಅಂತ ನೋಡಿ ಕೆಲಸ ಮಾಡಿದ ಜನ ಅವರು. ನಮ್ಮ ಲೇಔಟಿನ ಗಟಾರ ನೋಡಿದಾಗೆಲ್ಲ ನನಗ ಅದೇ ನೆನಪಾಗ್ತದ.

ಸತ್ತ ಹನ್ನೊಂದು ಗುಂಡಿಯಲ್ಲಿ ನಾನು ಮತ್ತೆ ಲಿಂಬೆ ಹಚ್ಚಿಲ್ಲ. ಬದುವಿನ ಕಡೆಯ ಎರಡು ಸಾಲು ಬಿಟ್ಟು, ಅಲ್ಲಿ ಒಂದೂವರೆ ಅಡಿ ಆಳದ ಕಂದಕ ತೋಡಿ, ಅದರ ಮಣ್ಣಿನ ದಿಬ್ಬದ ಮ್ಯಾಲೆ ನುಗ್ಗಿ ಹಾಕೀನಿ. ನುಗ್ಗಿಗೂ ನಿಂತ ನೀರು ಆಗಂಗಿಲ್ಲ, ಆದ್ರ ದಿಬ್ಬದ ಮ್ಯಾಲೆ ನಡೀತದ. ಮೊದಲ ವರ್ಷದಾಗೇ ಕಾಯಿ, ಹೋದ್ರೂ ಹದಿನೈದು ವರ್ಷದ ಲೆಕ್ಕ ಹೋಗೂದಿಲ್ಲ. ಕಂದಕದ ನೀರನ್ನ ಬಂಡಿ ದಾರಿ ಗುಂಟ ಹಳ್ಳಕ್ಕೆ ತಿರುಗಿಸೀನಿ. ಪ್ಲಾಟಿನಾಗ ಎರಡು ಮನೆ ಎದ್ದಾವ. ಅದರಾಗ ಒಂದು ಮನೆಯ ವೈನಿ ವಾರಕ್ಕೆರಡು ಸಲ ಬಂದು ಮೆಂತೆ, ರಾಜಗಿರಿ ಒಯ್ತಾರ. ಗಟಾರದ ಅರ್ಜಿಗೆ ಈ ಸಲ ಅವರ ಸಹಿಯೂ ಐತಿ. ಸೋಮವಾರ ಒಯ್ದು ಕೊಡಬೇಕು.