ದೂರದ ಕಡಲು ಕಾದರೆ ನಮ್ಮ ಹೊಲಕ್ಕೇನು?



ಮುಂಗಾರು ಸಮೀಪಿಸುತ್ತಿದ್ದಂತೆ ಕೆಲವು ವರ್ಷ ಪತ್ರಿಕೆಗಳಲ್ಲೂ ಆಕಾಶವಾಣಿಯಲ್ಲೂ 'ಎಲ್ ನಿನೊ' ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಅದನ್ನು ಕೇಳಿದ ಕೂಡಲೇ ಕೆಲವರು "ಈ ವರ್ಷ ಮಳೆಯೇ ಇಲ್ಲವಂತೆ" ಎಂದು ಕೈಚೆಲ್ಲಿ ಕೂರುತ್ತಾರೆ. ಇನ್ನು ಕೆಲವರು "ಎಲ್ಲಿಯದೋ ಸಮುದ್ರ, ನಮಗೇನು?" ಎಂದು ಇದ್ದಬದ್ದ ಬೀಜವನ್ನೆಲ್ಲ ಮೊದಲ ಮಳೆಗೇ ಬಿತ್ತಿ, ಸಸಿ ಒಣಗಿದಾಗ ಮತ್ತೆ ಬೀಜಕ್ಕಾಗಿ ಸಾಲ ಮಾಡುತ್ತಾರೆ. ಎರಡೂ ಸರಿಯಲ್ಲ. ಈ ಸುದ್ದಿಯ ತಿರುಳೇನು, ಅದನ್ನು ಎಷ್ಟರ ಮಟ್ಟಿಗೆ ನಂಬಬೇಕು, ನಂಬಿ ಏನು ಮಾಡಬೇಕು ಎಂಬುದನ್ನು ತಿಳಿದುಕೊಂಡರೆ ಬೀಜದ ಹಣವಾದರೂ ಉಳಿಯುತ್ತದೆ.

ಎಲ್ ನಿನೊ ಎಂದರೇನು?

ಏಷ್ಯಾ ಖಂಡಕ್ಕೂ ಅಮೆರಿಕಕ್ಕೂ ನಡುವೆ ಇರುವುದು ಪೆಸಿಫಿಕ್ ಮಹಾಸಾಗರ. ಸಾಮಾನ್ಯ ವರ್ಷಗಳಲ್ಲಿ ಅಲ್ಲಿ ಸಮಭಾಜಕ ವೃತ್ತದ ಬಳಿ ಪೂರ್ವದಿಂದ ಪಶ್ಚಿಮಕ್ಕೆ ಗಾಳಿ ಬೀಸುತ್ತದೆ. ಈ ಗಾಳಿ ಬಿಸಿಯಾದ ಮೇಲ್ನೀರನ್ನು ಇಂಡೋನೇಷ್ಯಾದ ಕಡೆಗೆ ತಳ್ಳುತ್ತದೆ. ದಕ್ಷಿಣ ಅಮೆರಿಕದ ಪೆರು ದೇಶದ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೇರಿ ಬರುತ್ತದೆ. ಕೆಲವು ವರ್ಷಗಳಿಗೊಮ್ಮೆ ಈ ಗಾಳಿ ಸೋಲುತ್ತದೆ. ಆಗ ಬಿಸಿನೀರು ಹಿಂದಕ್ಕೆ, ಪೂರ್ವಕ್ಕೆ ಹರಿಯುತ್ತದೆ. ಪೆರುವಿನ ಬೆಸ್ತರಿಗೆ ಮೀನು ಸಿಗುವುದು ಕಡಿಮೆಯಾಗುತ್ತದೆ. ಕ್ರಿಸ್‌ಮಸ್ ಹಬ್ಬದ ಆಸುಪಾಸಿನಲ್ಲಿ ಕಾಣಿಸುವ ಈ ಬಿಸಿನೀರಿಗೆ ಅವರೇ 'ಎಲ್ ನಿನೊ', ಅಂದರೆ ಬಾಲ ಯೇಸು, ಎಂದು ಹೆಸರಿಟ್ಟರು. ಇದಕ್ಕೆ ತದ್ವಿರುದ್ಧವಾಗಿ ಆ ಸಾಗರದ ನಡು ಮತ್ತು ಪೂರ್ವ ಭಾಗ ಎಂದಿಗಿಂತ ತಣ್ಣಗಾದರೆ ಅದು 'ಲಾ ನಿನಾ'.

ಅಲ್ಲಿ ನೀರು ಬಿಸಿಯಾದರೆ ಇಲ್ಲಿ ಮಳೆ ಏಕೆ ಕಡಿಮೆಯಾಗಬೇಕು? ಒಲೆಯ ಮೇಲಿನ ಹಂಡೆಯನ್ನು ನೆನೆಯಿರಿ. ಒಲೆ ಇರುವಲ್ಲಿ ಹಬೆ ಏಳುತ್ತದೆ. ಹಾಗೆಯೇ ಕಡಲು ಬಿಸಿಯಾಗಿರುವಲ್ಲಿ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ಮೇಲೇರಿದ ಗಾಳಿ ಬೇರೊಂದು ಕಡೆ ಕೆಳಗಿಳಿಯಲೇಬೇಕು. ಇಳಿಯುವ ಕಡೆ ಮೋಡ ಕಟ್ಟುವುದಿಲ್ಲ. ಎಲ್ ನಿನೊ ವರ್ಷ ಒಲೆಯೇ ಪೂರ್ವಕ್ಕೆ ಸರಿದಂತಾಗಿ, ನಮ್ಮ ಭಾಗದ ಮೇಲೆ ಗಾಳಿ ಇಳಿಯುವುದು ಹೆಚ್ಚುತ್ತದೆ, ಮುಂಗಾರಿನ ಬಲ ಕುಗ್ಗುತ್ತದೆ.

ಈ ನಂಟಿನ ಮೊದಲ ಎಳೆ ಸಿಕ್ಕಿದ್ದು ಭಾರತದಲ್ಲೇ. 1899ರ ಭೀಕರ ಬರದ ನಂತರ, 1904ರಲ್ಲಿ ನಮ್ಮ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್ ಅವರು ಮುಂಗಾರನ್ನು ಮುಂಚಿತವಾಗಿ ತಿಳಿಯುವ ದಾರಿ ಹುಡುಕುತ್ತಾ, ಪೆಸಿಫಿಕ್ ಸಾಗರದ ಎರಡು ಕಡೆಗಳ ವಾಯುಭಾರ ತಕ್ಕಡಿಯಂತೆ ಏರಿಳಿಯುವುದನ್ನು ಗುರುತಿಸಿದರು.

ಲೆಕ್ಕ ಏನು ಹೇಳುತ್ತದೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ಸರಾಸರಿ ಮಳೆ ಸುಮಾರು 87 ಸೆಂಟಿಮೀಟರ್. ಎಲ್ ನಿನೊ ಇದ್ದ 2002ರಲ್ಲಿ ಇದು ಶೇಕಡಾ 19ರಷ್ಟು, 2009ರಲ್ಲಿ ಶೇಕಡಾ 22ರಷ್ಟು, 2015ರಲ್ಲಿ ಶೇಕಡಾ 14ರಷ್ಟು ಕಡಿಮೆಯಾಯಿತು. 2023ರಲ್ಲಿ ದೇಶದ ಕೊರತೆ ಶೇಕಡಾ 6 ಮಾತ್ರ. ಆದರೆ ಆ ಆಗಸ್ಟ್ ತಿಂಗಳು 1901ರಿಂದ ಈಚೆಗೆ ಅತಿ ಒಣ ಆಗಸ್ಟ್ ಎನಿಸಿತು. ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ದೇಶದ ಸರಾಸರಿಯನ್ನು ನೋಡಿ ನಮ್ಮೂರಿನ ಮಳೆ ಹೇಳಲಾಗದು ಎಂಬುದಕ್ಕೆ ಇದೇ ಸಾಕ್ಷಿ.

ಇನ್ನೊಂದು ಮುಖವನ್ನೂ ಗಮನಿಸಬೇಕು. 1997ರಲ್ಲಿ ಎಲ್ ನಿನೊ ಬಹಳ ಪ್ರಬಲವಾಗಿತ್ತು; ಆದರೂ ದೇಶಕ್ಕೆ ವಾಡಿಕೆಯ ಮಳೆ ಬಂತು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ, ಅಂದರೆ ಆಫ್ರಿಕದ ಕಡೆಯ ನೀರು, ಪೂರ್ವ ಭಾಗಕ್ಕಿಂತ ಹೆಚ್ಚು ಬಿಸಿಯಾಗಿ ಮುಂಗಾರಿನ ಕೈಹಿಡಿಯಿತು. ಈ ಏರುಪೇರಿಗೆ ವಿಜ್ಞಾನಿಗಳು 'ಡೈಪೋಲ್' ಎನ್ನುತ್ತಾರೆ. 2009ರಂಥ ಬರದ ವರ್ಷದಲ್ಲೇ ಸೆಪ್ಟೆಂಬರ್ ಕೊನೆಗೆ ಬಿದ್ದ ಮಳೆ ಉತ್ತರ ಕರ್ನಾಟಕವನ್ನು ಪ್ರವಾಹದಲ್ಲಿ ಮುಳುಗಿಸಿ ಅನೇಕರ ಪ್ರಾಣವನ್ನೂ ಸಾವಿರಾರು ಮನೆಗಳನ್ನೂ ಕಳೆಯಿತು. ಲಾ ನಿನಾ ಇದ್ದ 1974ರಲ್ಲಿ ದೇಶಕ್ಕೆ ಬರ ಬಂತು. ಆದ್ದರಿಂದ ಎಲ್ ನಿನೊ ಎಂಬುದು ತೀರ್ಪಲ್ಲ, ಎಚ್ಚರಿಕೆ. ಅದು ಹಂಗಾಮಿನ ಒಲವನ್ನು ಹೇಳುತ್ತದೆ. ನಿಮ್ಮ ಹೊಲಕ್ಕೆ ಯಾವ ವಾರ ಹದ ಮಳೆ ಎಂದು ಹೇಳುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದಾಗಿ, ಇಡೀ ಹೊಲವನ್ನು ಒಂದೇ ಬೆಳೆಗೆ, ಒಂದೇ ತಳಿಗೆ, ಒಂದೇ ಮಳೆಗೆ ಒಪ್ಪಿಸಬೇಡಿ. ಖುಷ್ಕಿಯಲ್ಲಿ ರಾಗಿ ಬೆಳೆಯುವವರು ಸುಮಾರು 120 ದಿನದ ದೀರ್ಘಾವಧಿ ತಳಿಯನ್ನೇ ನೆಚ್ಚಿಕೊಳ್ಳದೆ, 110ರಿಂದ 115 ದಿನದ ಜಿಪಿಯು-28, ಮಳೆ ಆಗಸ್ಟ್‌ಗೆ ಜಾರಿದರೆ 95ರಿಂದ 100 ದಿನದ ಜಿಪಿಯು-48 ತಳಿಯ ಬೀಜವನ್ನು ಮನೆಯಲ್ಲಿ ಸಿದ್ಧವಾಗಿಟ್ಟುಕೊಳ್ಳಿ. ಪುಷ್ಯ ಮಳೆ ಕೈಕೊಟ್ಟ ಮೇಲೆ ಬೀಜಕ್ಕೆ ಓಡಾಡಿದರೆ ಬೆಲೆಯೂ ಹೆಚ್ಚು, ಬೇಕಾದ ತಳಿಯೂ ಸಿಗದು. ಅದೂ ತಡವಾದರೆ ಹುರುಳಿಯಂಥ ಬೆಳೆಗೆ ಆಗಸ್ಟ್ ಕೊನೆಯವರೆಗೂ ಅವಕಾಶವಿದೆ.

ಎರಡನೆಯದಾಗಿ, ಅಕ್ಕಡಿ ಬಿಡಬೇಡಿ. ಸಕಾಲಕ್ಕೆ ಮಳೆಯಾಗಿ ಬಿತ್ತುವಾಗ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿದರೆ, ನಡುವೆ ಮಳೆ ತಪ್ಪಿ ರಾಗಿ ಸೊರಗಿದರೂ ಆಳಕ್ಕೆ ಬೇರು ಬಿಡುವ ತೊಗರಿ ಕೊನೆಯ ಮಳೆಗಳಲ್ಲಿ ಚೇತರಿಸಿಕೊಳ್ಳುತ್ತದೆ.

ಮೂರನೆಯದಾಗಿ, ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿಯಿರಿ. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿ ಬಿತ್ತುವುದು, ಬದುಗಳನ್ನು ಮಳೆಗೆ ಮುಂಚೆಯೇ ಸರಿಪಡಿಸುವುದು, ಎಡೆಕುಂಟೆ ಹೊಡೆದು ಕಳೆ ತೆಗೆದು ಮೇಲ್ಮಣ್ಣು ಸಡಿಲ ಮಾಡುವುದು – ಇವುಗಳಿಗೆ ಹೆಚ್ಚು ಹಣ ಬೇಡ. ವಿಜಯಪುರ, ಬಾಗಲಕೋಟೆ ಕಡೆಯ ಎರೆ ಭೂಮಿಯವರು ಹಿಂಗಾರಿ ಜೋಳಕ್ಕೆಂದು ಬಿಟ್ಟ ಹೊಲದಲ್ಲಿ ಮುಂಗಾರಿನಲ್ಲೇ ಚೌಕುಮಡಿ ಮಾಡಿದರೆ ಆ ತೇವ ಅಕ್ಟೋಬರ್‌ಗೂ ನೆರವಾಗುತ್ತದೆ. ಎಲ್ ನಿನೊ ವರ್ಷಗಳಲ್ಲಿ ದಕ್ಷಿಣ ಭಾರತದ ಆಗ್ನೇಯ ಭಾಗಕ್ಕೆ ಹಿಂಗಾರು ಚೆನ್ನಾಗಿ ಆಗುವ ಒಲವಿದೆ. ಆದರೆ 2023ರ ಅಕ್ಟೋಬರ್ ನಮ್ಮಲ್ಲಿ ಒಣಗಿಯೇ ಹೋಯಿತು. ಹಿಂಗಾರು ಕಾಪಾಡುತ್ತದೆಂದು ಮುಂಗಾರಿನ ತೇವವನ್ನು ಹರಿಯಬಿಡಬೇಡಿ.

ನಾಲ್ಕನೆಯದಾಗಿ, ಗೊಬ್ಬರಕ್ಕೆ ಅವಸರ ಬೇಡ. ಯೂರಿಯಾ ಮೇಲುಗೊಬ್ಬರವನ್ನು ಒಮ್ಮೆಗೇ ಸುರಿಯದೆ, ಭೂಮಿಯಲ್ಲಿ ತೇವ ಇದ್ದಾಗ ಮಾತ್ರ ಕೊಡಿ. ಒಣ ನೆಲಕ್ಕೆ ಹಾಕಿದ ಯೂರಿಯಾ ಗಾಳಿಗೆ ಹೋದ ಹಣ.

ಐದನೆಯದಾಗಿ, ಬೆಳೆ ವಿಮೆ. ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಧಾನ್ಯ ಮತ್ತು ಎಣ್ಣೆಕಾಳು ಬೆಳೆಗಳಿಗೆ ರೈತರ ವಂತಿಗೆ ವಿಮಾ ಮೊತ್ತದ ಶೇಕಡಾ 2 ಮಾತ್ರ. ಬರ ಕಣ್ಣಿಗೆ ಕಾಣುವವರೆಗೆ ಕಾದರೆ ಕೊನೆಯ ದಿನ ಕಳೆದಿರುತ್ತದೆ.

ಸುದ್ದಿಯನ್ನು ಹೇಗೆ ಓದಬೇಕು?

ಹವಾಮಾನ ಇಲಾಖೆ ಮುಂಗಾರಿನ ಮುನ್ಸೂಚನೆಯನ್ನು ಏಪ್ರಿಲ್ ಮಧ್ಯದಲ್ಲಿ ಕೊಟ್ಟು, ಮೇ ಕೊನೆಗೆ ಪರಿಷ್ಕರಿಸುತ್ತದೆ. ಪೆಸಿಫಿಕ್ ಸಾಗರದ ಬೇಸಿಗೆಯ ಮೊದಲ ಲಕ್ಷಣಗಳು ಆಮೇಲೆ ಬದಲಾಗುವುದುಂಟು; ಆದ್ದರಿಂದ ಎರಡನೆಯ ಮುನ್ಸೂಚನೆಗೇ ಹೆಚ್ಚಿನ ಬೆಲೆ ಕೊಡಿ. ಯಾವ ತಳಿಯ ಬೀಜ ತರಬೇಕೆಂಬುದಕ್ಕೆ ಈ ದೀರ್ಘಾವಧಿ ಮುನ್ಸೂಚನೆ. ಯಾವ ದಿನ ಬಿತ್ತಬೇಕೆಂಬುದಕ್ಕೆ ನಾಲ್ಕೈದು ದಿನಗಳ ಸ್ಥಳೀಯ ಮುನ್ಸೂಚನೆ ಮತ್ತು ನಿಮ್ಮ ಹೊಲದ ಹದ. ಗೇಣುದ್ದ ಮಣ್ಣು ನೆನೆಯದೆ ಕೂರಿಗೆ ಹೂಡಬೇಡಿ.

ಮಳೆ ನಕ್ಷತ್ರದ ಲೆಕ್ಕ ನಮ್ಮ ಹಿರಿಯರು ಕಂಡ ವಾಡಿಕೆ. ಕಡಲಿನ ಲೆಕ್ಕ ಆ ವಾಡಿಕೆ ಯಾವ ವರ್ಷ ತಪ್ಪಬಹುದೆಂಬ ಸೂಚನೆ. ಎರಡನ್ನೂ ಜೊತೆಗಿಟ್ಟು ನೋಡಿ. ತಮ್ಮ ಊರಿಗೆ ಹೊಂದುವ ತಳಿ ಹಾಗೂ ಬಿತ್ತನೆ ಕಾಲದ ವಿವರವನ್ನು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ರೋಹಿಣಿ ಮಳೆಗೆ ಮುಂಚೆಯೇ ವಿಚಾರಿಸಿಕೊಳ್ಳಿ. ಮಳೆ ನಮ್ಮ ಕೈಯಲ್ಲಿಲ್ಲ. ಬೀಜದ ಚೀಲದ ಬಾಯಿ ನಮ್ಮ ಕೈಯಲ್ಲಿದೆ.