ಕೌನ್ಸೆಲರ್ ವಾರಕ್ಕೆ ಎಷ್ಟು ಗಂಟೆ ನೋವು ಕೇಳಬಹುದು?

ಯೋಗ ಮಾಡಿ, ಸಂಜೆ ಸ್ವಲ್ಪ ನಡೆದು ಬನ್ನಿ, ವಿದ್ಯಾರ್ಥಿಗಳ ಕಷ್ಟವನ್ನು ಮನೆಗೆ ಒಯ್ಯಬೇಡಿ. ಕಾಲೇಜುಗಳ ಆಪ್ತಸಮಾಲೋಚಕರು ಕಾರ್ಯಾಗಾರಗಳಲ್ಲಿ ಕೇಳುತ್ತಲೇ ಬಂದಿರುವ ಉಪದೇಶ ಇದು. ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂದು ಕೆನಡಾದ ಟೆಡ್ ಬೋಬರ್ ಮತ್ತು ಶೆರಿಲ್ ರೆಗೆರ್ ಪರೀಕ್ಷಿಸಿ ನೋಡಿದರು. 2006ರಲ್ಲಿ ಪ್ರಕಟವಾದ ಅವರ ಅಧ್ಯಯನವನ್ನು ಇವತ್ತು ಓದಿದರೂ ಬೆಚ್ಚಿಬೀಳುವಂತಾಗುತ್ತದೆ.

ಅಧ್ಯಯನದಲ್ಲಿ ಪಾಲ್ಗೊಂಡವರು 259 ಚಿಕಿತ್ಸಕರು. ವಿರಾಮ, ಹವ್ಯಾಸ, ಹಿರಿಯರ ಮಾರ್ಗದರ್ಶನ ಎಲ್ಲವೂ ಒಳ್ಳೆಯದೆಂಬ ನಂಬಿಕೆ ಅವರಲ್ಲಿತ್ತು. ಆದರೆ ಇವುಗಳಿಗೆ ಹೆಚ್ಚು ಸಮಯ ಕೊಟ್ಟವರಲ್ಲಿ ಆಘಾತದ ಲಕ್ಷಣಗಳೇನೂ ಕಡಿಮೆ ಇರಲಿಲ್ಲ. ಆ ಲಕ್ಷಣಗಳ ಏರಿಕೆಗೆ ತಾಳೆಯಾದದ್ದು ಬೇರೊಂದು ಲೆಕ್ಕ: ಆಘಾತಕ್ಕೊಳಗಾದವರ ಜೊತೆ ಅವರು ವಾರಕ್ಕೆ ಎಷ್ಟು ಗಂಟೆ ಕೂರುತ್ತಿದ್ದರು ಎಂಬುದು. ಹಾಗಿದ್ದರೆ ಸುಸ್ತಾದ ಕೌನ್ಸೆಲರ್‌ಗೆ ಪ್ರಾಣಾಯಾಮ ಕಲಿಸುವುದಕ್ಕಿಂತ ಮೊದಲು ಆಡಳಿತ ಮಂಡಳಿ ಅವರ ವೇಳಾಪಟ್ಟಿ ತೆರೆದು ನೋಡಬೇಕಲ್ಲವೇ?

ಇತರರ ನೋವು ಕೇಳುವವರಿಗೇ ತಟ್ಟುವ ಇಂಥ ಪರೋಕ್ಷ ಆಘಾತದ ಪರಿಕಲ್ಪನೆಯನ್ನು 1990ರಲ್ಲಿ ಮುಂದಿಟ್ಟವರು ಅಮೆರಿಕದ ಲಿಸಾ ಮೆಕ್ಯಾನ್ ಮತ್ತು ಲಾರಿ ಆ್ಯನ್ ಪರ್ಲ್‌ಮನ್. ಇದು ಬರೀ ದಣಿವಲ್ಲ. ಕೇಳುವವರು ಲೋಕವನ್ನು ನೋಡುವ ರೀತಿಯೇ ಬದಲಾಗುತ್ತದೆ. ನೆಂಟರಿಂದಲೇ ದೌರ್ಜನ್ಯಕ್ಕೊಳಗಾದ ಹುಡುಗಿಯರ ಮಾತನ್ನು ದಿನವೂ ಕೇಳುವಾಕೆಗೆ ತನ್ನ ಮಗಳ ಟ್ಯೂಷನ್ ಮೇಷ್ಟ್ರ ಮೇಲೂ ಅನುಮಾನ ಹುಟ್ಟಬಹುದು. 1995ರಲ್ಲಿ ಪರ್ಲ್‌ಮನ್ ಮತ್ತು ಪೌಲಾ ಮೆಕ್ ಇಯಾನ್ 188 ಚಿಕಿತ್ಸಕರನ್ನು ಅಧ್ಯಯನ ಮಾಡಿದಾಗ, ಈ ಕೆಲಸಕ್ಕೆ ಹೊಸದಾಗಿ ಬಂದವರೇ ಹೆಚ್ಚು ತೊಂದರೆ ಅನುಭವಿಸುತ್ತಿದ್ದುದು ಕಂಡಿತು. ಎಂ.ಎಸ್ಸಿ. ಮುಗಿಸಿ ನೇರ ಬಂದವರನ್ನು ಇಡೀ ಕಾಲೇಜಿಗೆ ಒಬ್ಬರೇ ಕೌನ್ಸೆಲರ್ ಆಗಿ ಕೂರಿಸುವವರು, ಮನಶ್ಶಾಸ್ತ್ರದ ಉಪನ್ಯಾಸಕಿಗೆ ಪಾಠದ ಜೊತೆಗೇ ಈ ಹೊಣೆಯನ್ನೂ ಹೊರಿಸುವವರು ಇದನ್ನು ಓದಲೇಬೇಕು.

ಭಾರತದಲ್ಲಿ ಕೌನ್ಸೆಲರ್‌ಗಳ ಹೊರೆಯ ಈ ಪ್ರಶ್ನೆಗೆ ಈಗ ತುರ್ತು ಬಂದಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಮಾರ್ಗಸೂಚಿ ನೀಡಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಲೇಬೇಕು. ಬಹಳ ದಿನಗಳಿಂದ ಬೇಕಿದ್ದ ಆದೇಶ. ಆದರೆ ಕನಿಷ್ಠ ಒಬ್ಬರು ಎಂಬುದನ್ನು, ವಿದ್ಯಾರ್ಥಿಗಳು ಸಾವಿರಾರು ಇದ್ದರೂ ಒಬ್ಬರೇ ಸಾಕು ಎಂದು ಸಂಸ್ಥೆಗಳು ಓದಿಕೊಳ್ಳುವ ಭಯವಿದೆ. ಅಮೆರಿಕದಲ್ಲಿ ಕಾಲೇಜು ಆಪ್ತಸಮಾಲೋಚನಾ ಕೇಂದ್ರಗಳಿಗೆ ಮಾನ್ಯತೆ ನೀಡುವ ಸಂಸ್ಥೆ ಬಹುಕಾಲ ಶಿಫಾರಸು ಮಾಡಿದ್ದು 1,000ದಿಂದ 1,500 ವಿದ್ಯಾರ್ಥಿಗಳಿಗೆ ಒಬ್ಬರಂತೆ.

ಬ್ರಿಟನ್ನಿನ ಆಪ್ತಸಮಾಲೋಚಕರ ಸಂಘ ತನ್ನ ಮಾನ್ಯತೆ ಪಡೆದವರಿಗೆ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆಯ ಸೂಪರ್‌ವಿಷನ್ ಕಡ್ಡಾಯ ಮಾಡಿದೆ. ಅನುಭವಿಯೊಬ್ಬರ ಎದುರು ಕೂತು, ತಾನು ನೋಡುತ್ತಿರುವ ಪ್ರಕರಣಗಳನ್ನು ಬಿಡಿಸಿ ಹೇಳಿಕೊಳ್ಳುವ ಸಮಯ ಅದು. ಕೆನಡಾದ ಅಧ್ಯಯನದಲ್ಲಿ ಇದರಿಂದಲೂ ಆಘಾತದ ಲಕ್ಷಣ ತಗ್ಗಿರಲಿಲ್ಲ, ನಿಜ. ಆದರೂ ಇದು ಬೇಕೇ ಬೇಕು. ಕೌನ್ಸೆಲರ್‌ನ ಎಡವಟ್ಟು ವಿದ್ಯಾರ್ಥಿಗೆ ತಟ್ಟದಂತೆ ತಡೆಯುವ ಇನ್ನೊಂದು ಕಣ್ಣು ಅದು.

ಇನ್ನು ಹಾಸ್ಟೆಲಿನಲ್ಲಿ ಸಾವು ಸಂಭವಿಸಿದ ದಿನ. ರೂಮ್‌ಮೇಟ್‌ಗಳನ್ನು ಸಂತೈಸಬೇಕು, ಹೆತ್ತವರ ಎದುರು ನಿಲ್ಲಬೇಕು, ಪ್ರಿನ್ಸಿಪಾಲರಿಗೆ ಉತ್ತರಿಸಬೇಕು. ಸತ್ತ ಹುಡುಗ ಹೋದ ವಾರವಷ್ಟೇ ತನ್ನೆದುರು ಕೂತು ಮಾತಾಡಿದ್ದರೂ ಮರುದಿನ ಬೆಳಿಗ್ಗೆ ಹತ್ತಕ್ಕೆ ಕೌನ್ಸೆಲರ್ ಬಾಗಿಲು ತೆರೆಯಲೇಬೇಕು. ಆ ವಾರ ಬದಲಿಗೆ ಕೂರುವವರು ಯಾರು, ದಿನಕ್ಕೆ ಎಷ್ಟು ಜನರನ್ನು ನೋಡಬೇಕು, ಹೊರಗಿನ ಸೂಪರ್‌ವೈಸರ್‌ಗೆ ಶುಲ್ಕ ಕೊಡುವವರು ಯಾರು ಎಂಬುದನ್ನೆಲ್ಲ ನೇಮಕಾತಿ ಪತ್ರದಲ್ಲೇ ಬರೆಯಲು ಯಾವ ಕಾಲೇಜೂ ಹೊಸ ಕಾನೂನಿಗೆ ಕಾಯಬೇಕಿಲ್ಲ.