ಮೋಡದೊಳಗಿನ ದಾರಿ: ವಿಮಾನವಿಳಿಯುವ ನಕ್ಷೆಯನ್ನು ಓದುವ ಕ್ರಮ

ಭೂಗೋಳದ ತರಗತಿಯಲ್ಲಿ ಕುಳಿತವರಾರೂ ಪಟದ ಮೂಲೆಯಲ್ಲಿ ಅಚ್ಚಾಗಿರುವ ಸಂಕೇತಗಳ ಪಟ್ಟಿಯನ್ನು ಮರೆತಿರಲಾರರು. ನದಿಗೆ ಒಂದು ಗೆರೆ, ರೈಲುದಾರಿಗೆ ಮತ್ತೊಂದು, ಬೆಟ್ಟಕ್ಕೆ ಒಂದು ಬಣ್ಣ. ಇವುಗಳನ್ನು ಅರಿತವಳೊಡನೆ ಪಟವು ಮಾತನಾಡುವುದು, ಅರಿಯದವಳಿಗೆ ಅದು ಬರಿಯ ಚಿತ್ರವು. ಪಟಗಳ ಕುಲದಲ್ಲಿ ಒಂದು ವಿಶೇಷ ಜಾತಿಯುಂಟು. ಅದನ್ನು ನೋಡುವವನಿಗೆ ನೆಲವೇ ಕಾಣಿಸದು. ಸುತ್ತಲೂ ಮೋಡವು ಕವಿದಿರುವಾಗ ವಿಮಾನವನ್ನು ನೆಲಕ್ಕೆ ಸುರಕ್ಷಿತವಾಗಿ ಇಳಿಸುವುದಕ್ಕಾಗಿಯೇ ಅದು ಬರೆಯಲ್ಪಟ್ಟಿದೆ. ಅಪ್ರೋಚ್ ಚಾರ್ಟ್ ಎಂದು ವೈಮಾನಿಕರು ಕರೆಯುವ ಈ ನಕ್ಷೆಯನ್ನು ಓದುವ ಕ್ರಮವನ್ನು ಇಲ್ಲಿ ವಿವರಿಸಲಿಚ್ಛಿಸುತ್ತೇವೆ.

ಇದು ನಮಗೇತಕ್ಕೆಂದು ಕೆಲವರು ಕೇಳಬಹುದು. ಈಗ ಅನೇಕ ಮನೆಗಳಲ್ಲಿ ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತು, ಫ್ಲೈಟ್ ಸಿಮ್ಯುಲೇಟರೆಂಬ ಸಾಧನದಿಂದ ವಿಮಾನವನ್ನು ನಡಿಸುವರು. ತಾಯಿತಂದೆಗಳು ಇದನ್ನು ಕಾಲಹರಣವೆಂದೆಣಿಸುವುದು ಸಹಜವೇ. ನಕ್ಷೆಯಿಲ್ಲದೆ ಮನಬಂದಂತೆ ಹಾರಿದರೆ ಅದು ಆಟವೇ ಸರಿ. ಆದರೆ ನಕ್ಷೆಯನ್ನು ಮುಂದಿಟ್ಟುಕೊಂಡು ಅದರಂತೆ ನಡೆದರೆ ಗಣಿತ, ಭೂಗೋಳ, ತಾಳ್ಮೆ ಇವು ಮೂರೂ ಒಂದೇ ಪಾಠದಲ್ಲಿ ಕೂಡಿಬರುವುವು.

ಮೊದಲಿನ ವೈಮಾನಿಕರು ನೆಲವನ್ನು ನೋಡಿಕೊಂಡೇ ಹಾರುತ್ತಿದ್ದರು. ಮೋಡದೊಳಗೆ ಹೊಕ್ಕ ಮನುಷ್ಯನಿಗೆ ತನ್ನ ಶರೀರದ ಸಾಕ್ಷಿಯೇ ಸುಳ್ಳಾಗುವುದು. ವಿಮಾನವು ಓರೆಯಾಗಿ ತಿರುಗುತ್ತಿದ್ದರೂ ತಾನು ನೆಟ್ಟಗೆ ಹೋಗುತ್ತಿದ್ದೇನೆಂದು ಅವನು ನಂಬುವನು. ೧೯೨೯ನೆಯ ಸೆಪ್ಟೆಂಬರ್ ೨೪ರಂದು ಅಮೇರಿಕದ ಜಿಮ್ಮಿ ಡೂಲಿಟಲ್ ಎಂಬವರು ಆಸನದ ಸುತ್ತಲೂ ಮುಸುಕನ್ನು ಹಾಕಿಸಿಕೊಂಡು, ಉಪಕರಣಗಳನ್ನು ಮಾತ್ರ ನೋಡುತ್ತಾ ಮೇಲಕ್ಕೇರಿ, ಸುತ್ತಿಬಂದು, ಕೆಳಕ್ಕಿಳಿದರು. ಕಣ್ಣಿನ ಸಹಾಯವಿಲ್ಲದೆ ಹಾರಬಹುದೆಂಬುದು ಇದರಿಂದ ಸಿದ್ಧವಾಯಿತು. ಆದರೆ ಉಪಕರಣಗಳಿದ್ದರೆ ಸಾಲದು, ಯಾವ ಎತ್ತರದಲ್ಲಿ ಎತ್ತ ತಿರುಗಬೇಕೆಂದು ಹೇಳುವ ಬರಹವೂ ಬೇಕಷ್ಟೆ. ಟಪಾಲಿನ ವಿಮಾನವನ್ನು ನಡಿಸುತ್ತಿದ್ದ ಎಲ್ರಿ ಜೆಪ್ಪೆಸನ್ ಎಂಬವರು ಒಂದು ಸಣ್ಣ ನೋಟುಪುಸ್ತಕದಲ್ಲಿ ಇಳಿದಾಣಗಳ ಉದ್ದ, ಸುತ್ತಲಿನ ಬೆಟ್ಟ, ಗೋಪುರ, ಹೊಗೆಕೊಳವೆಗಳ ಎತ್ತರ ಇವುಗಳನ್ನು ಬರೆದಿಡಲಾರಂಭಿಸಿದರು. ಜತೆಗಾರರು ಪ್ರತಿಗಳನ್ನು ಕೇಳತೊಡಗಲು, ೧೯೩೪ರಲ್ಲಿ ಅದೇ ಒಂದು ಉದ್ಯಮವಾಯಿತು.

ಅದೇ ಕಾಲದಲ್ಲಿ ನೆಲದ ಮೇಲೆಯೇ ಹಾರಾಟವನ್ನು ಕಲಿಸುವ ಯಂತ್ರವೂ ಹುಟ್ಟಿತು. ಪಿಯಾನೋ ಮತ್ತು ಆರ್ಗನ್ ವಾದ್ಯಗಳನ್ನು ಮಾಡುತ್ತಿದ್ದ ಮನೆತನದ ಎಡ್ವಿನ್ ಲಿಂಕ್ ಎಂಬವರು ಆರ್ಗನಿನ ತಿದಿಗಳನ್ನೇ ಉಪಯೋಗಿಸಿ, ವಿಮಾನದಂತೆ ಓಲಾಡುವ ಒಂದು ಸಣ್ಣ ಪೆಟ್ಟಿಗೆಯನ್ನು ನಿರ್ಮಿಸಿದರು. ಎರಡನೆಯ ಮಹಾಯುದ್ಧದಲ್ಲಿ ಅಸಂಖ್ಯ ವೈಮಾನಿಕರು ಇದರೊಳಗೆ ಕುಳಿತು ಕಲಿತರು. ಆಗ ಅಮೇರಿಕದ ನೌಕಾಬಲದಲ್ಲಿ ಈ ಯಂತ್ರದ ಪಕ್ಕದಲ್ಲಿ ನಿಂತು ಪಾಠ ಹೇಳಿದವರಲ್ಲಿ ಅನೇಕರು ಸ್ತ್ರೀಯರೆಂಬುದು ನಮ್ಮ ವಾಚಕಿಯರು ತಿಳಿಯತಕ್ಕ ಸಂಗತಿ. ಇಂದಿನ ಸಿಮ್ಯುಲೇಟರು ಆ ಪೆಟ್ಟಿಗೆಯ ವಂಶದ್ದೇ.

ಈಗ ನಕ್ಷೆಗೆ ಬರೋಣ. ಹೊರಡುವಾಗ ಅನುಸರಿಸುವ ನಕ್ಷೆ ಒಂದು. ದೂರದಿಂದ ಊರಿನ ಸಮೀಪಕ್ಕೆ ಬರುವ ನಕ್ಷೆ ಇನ್ನೊಂದು. ರನ್‌ವೇಗೆ ಇಳಿಯುವ ನಕ್ಷೆ ಮೂರನೆಯದು. ಈ ಮೂರನೆಯದನ್ನು ಅರಿತವಳಿಗೆ ಉಳಿದವು ಕಷ್ಟವಾಗವು.

ಮೊದಲು ತಲೆಬರಹದ ಪಟ್ಟಿಯನ್ನು ಓದಬೇಕು. ಅಲ್ಲಿ ಊರಿನ ಹೆಸರೂ, ಇಳಿಯುವ ವಿಧಾನವೂ, ರನ್‌ವೇಯ ಸಂಖ್ಯೆಯೂ ಇರುವುವು. ರನ್‌ವೇ ೨೭ ಎಂದಿದ್ದರೆ ಅದು ದಿಕ್ಸೂಚಿಯ ಸುಮಾರು ೨೭೦ನೆಯ ಅಂಶದ ಕಡೆಗೆ, ಅಂದರೆ ಪಶ್ಚಿಮಕ್ಕೆ ಮುಖಮಾಡಿದೆಯೆಂದರ್ಥ. ಐ.ಎಲ್.ಎಸ್. ಎಂದಿದ್ದರೆ ನೆಲದಿಂದ ಎರಡು ರೇಡಿಯೋ ಕಿರಣಗಳು ಬರುತ್ತಿವೆಯೆಂದು ತಿಳಿಯಬೇಕು: ಲೋಕಲೈಸರೆಂಬುದು ಎಡಬಲಗಳನ್ನೂ, ಗ್ಲೈಡ್ ಸ್ಲೋಪೆಂಬುದು ಮೇಲುಕೆಳಗನ್ನೂ ತಿಳಿಸುವುವು. ಲೋಕಲೈಸರಿನ ಅಲೆಸಂಖ್ಯೆಯೂ, ಅದು ಮೋರ್ಸ್ ಲಿಪಿಯಲ್ಲಿ ನುಡಿಯುವ ತನ್ನ ಹೆಸರೂ ಅಲ್ಲಿಯೇ ಇರುವುವು. ಅಲೆಸಂಖ್ಯೆಯನ್ನು ತಿರುಗಿಸಿದ ಬಳಿಕ ಆ ಸದ್ದನ್ನು ಕಿವಿಯಿಂದ ಕೇಳಿ ಹೋಲಿಸಬೇಕು; ಯಾಕಂದರೆ ಒಂದಂಕಿ ತಪ್ಪಿದರೆ ಬೇರೊಂದು ನಿಲಯದ ಮಾತನ್ನು ನಂಬಿ ಹೋದಂತಾಗುವುದು.

ಎರಡನೆಯದು ಮೇಲಿನಿಂದ ನೋಡಿದ ಚಿತ್ರ. ಹದ್ದಿನ ಕಣ್ಣಿಗೆ ನೆಲವು ಕಾಣುವಂತೆ ಇದನ್ನು ಬರೆದಿರುವರು. ದಾರಿಗಳು, ತಿರುವುಗಳು, ಕಾಯುತ್ತಾ ಸುತ್ತುಹಾಕುವ ದೀರ್ಘವೃತ್ತದ ಪಥ, ಬೆಟ್ಟಗಳ ಎತ್ತರ ಇವೆಲ್ಲಾ ಇಲ್ಲಿರುವುವು. ಅದರ ಬದಿಯಲ್ಲಿ ಒಂದು ವೃತ್ತವನ್ನು ಕಾಣಬಹುದು. ಸಾಮಾನ್ಯವಾಗಿ ೨೫ ನಾಟಿಕಲ್ ಮೈಲುಗಳೊಳಗೆ, ಅತ್ಯುನ್ನತ ಅಡ್ಡಿಗಿಂತಲೂ ಕಡಿಮೆಯೆಂದರೆ ೧೦೦೦ ಅಡಿ ಮೇಲಿರಲು ಎಷ್ಟು ಎತ್ತರ ಬೇಕೆಂಬುದನ್ನು ಅದು ದಿಕ್ಕುದಿಕ್ಕಿಗೂ ಹೇಳುವುದು. ಆಪತ್ತಿನಲ್ಲಿ ಇದು ಪ್ರಾಣವನ್ನುಳಿಸುವ ಅಂಕಿ.

ಮೂರನೆಯದು ಪಕ್ಕದಿಂದ ನೋಡಿದ ಚಿತ್ರ. ಮನೆಯ ಮೆಟ್ಟಲುಗಳನ್ನು ಬದಿಯಲ್ಲಿ ನಿಂತು ನೋಡಿದಂತೆ, ಯಾವ ಸ್ಥಳದವರೆಗೆ ಯಾವ ಎತ್ತರಕ್ಕಿಂತ ಕೆಳಗಿಳಿಯಬಾರದೆಂಬುದು ಇಲ್ಲಿ ತೋರುವುದು. ಅಂಕಿಯ ಕೆಳಗೆ ಗೆರೆಯಿದ್ದರೆ ಅದಕ್ಕಿಂತ ಕೆಳಗೆ ಹೋಗಬಾರದು. ಮೇಲೆ ಗೆರೆಯಿದ್ದರೆ ಅದಕ್ಕಿಂತ ಮೇಲಿರಬಾರದು. ಎರಡೂ ಕಡೆ ಗೆರೆಯಿದ್ದರೆ ಅಷ್ಟೇ ಎತ್ತರದಲ್ಲಿರಬೇಕು.

ಇಲ್ಲಿ ಹೊಸಬರು ಎಡವುವ ಸ್ಥಳವೊಂದುಂಟು. ನಕ್ಷೆಯ ದೊಡ್ಡ ಅಂಕಿಗಳು ಸಮುದ್ರಮಟ್ಟದಿಂದ ಅಳೆದವು. ಆವರಣದೊಳಗಿನ ಸಣ್ಣ ಅಂಕಿಗಳು ನೆಲದಿಂದ ಅಳೆದವು. ಬೆಂಗಳೂರಿನಲ್ಲಿ ೨೦೦೮ರಿಂದ ನಡೆಯುತ್ತಿರುವ ವಿಮಾನನಿಲ್ದಾಣವು ಸಮುದ್ರಮಟ್ಟಕ್ಕಿಂತ ಸುಮಾರು ೩೦೦೦ ಅಡಿ ಮೇಲಿದೆ. ಅಲ್ಲಿ ಎತ್ತರದ ಯಂತ್ರವು ೩೨೦೦ ಎಂದು ತೋರಿಸುವಾಗ ಚಕ್ರದ ಕೆಳಗೆ ಉಳಿದಿರುವುದು ೨೦೦ ಅಡಿ ಮಾತ್ರ. ಕಡಲತೀರದ ಊರಿನಲ್ಲಿ ಅಭ್ಯಾಸಮಾಡಿ ಬಂದವಳು ಈ ಭೇದವನ್ನು ಮರೆಯಬಾರದು.

ಗ್ಲೈಡ್ ಸ್ಲೋಪಿನ ಇಳಿಜಾರು ಸಾಮಾನ್ಯವಾಗಿ ೩ ಅಂಶ. ಆ ಇಳಿಜಾರಿನಲ್ಲಿ ಒಂದು ನಾಟಿಕಲ್ ಮೈಲಿಗೆ ಸುಮಾರು ೩೨೦ ಅಡಿ ಇಳಿಯಬೇಕಾಗುವುದು. ನೆಲದ ಮೇಲಿನ ವೇಗವನ್ನು ನಾಟುಗಳಲ್ಲಿ ಎಣಿಸಿ ಅದನ್ನು ೫ರಿಂದ ಗುಣಿಸಿದರೆ ನಿಮಿಷಕ್ಕೆಷ್ಟು ಅಡಿ ಇಳಿಯಬೇಕೆಂಬುದು ಸರಿಸುಮಾರಾಗಿ ದೊರೆಯುವುದು. ವೇಗವು ೯೦ ಆದರೆ ೪೫೦ ಅಡಿ, ೧೨೦ ಆದರೆ ೬೦೦ ಅಡಿ. ಬಾಯಿಲೆಕ್ಕವನ್ನು ಬಲ್ಲ ಹುಡುಗಿಗೆ ಇದು ಕ್ಷಣಮಾತ್ರದ ಕೆಲಸ.

ನಾಲ್ಕನೆಯದು ಕೊನೆಯ ಮಿತಿಗಳ ಕೋಷ್ಟಕ. ವಿಮಾನಗಳನ್ನು ಅವುಗಳ ಇಳಿಯುವ ವೇಗದಂತೆ ವರ್ಗಗಳಾಗಿ ವಿಂಗಡಿಸಿ, ಪ್ರತಿಯೊಂದು ವರ್ಗಕ್ಕೂ ನಿರ್ಣಯದ ಎತ್ತರವನ್ನು ಬರೆದಿರುವರು. ಸಾಧಾರಣ ಐ.ಎಲ್.ಎಸ್.ನಲ್ಲಿ ಇದು ನೆಲದಿಂದ ೨೦೦ ಅಡಿಗಿಂತ ಕಡಿಮೆಯಿರದು. ಆ ಎತ್ತರವನ್ನು ಮುಟ್ಟಿದಾಗ ರನ್‌ವೇಯಾಗಲಿ ಅದರ ದೀಪಗಳಾಗಲಿ ಕಾಣಿಸಿದರೆ ಇಳಿಯಬಹುದು. ಕಾಣಿಸದಿದ್ದರೆ ಒಡನೆಯೇ ಮೇಲಕ್ಕೇರಬೇಕು. ಹಾಗೆ ಏರುವಾಗ ಎತ್ತ ತಿರುಗಿ ಎಲ್ಲಿ ಕಾಯಬೇಕೆಂಬುದೇ ನಕ್ಷೆಯ ಐದನೆಯ ಭಾಗ. ಮಿಸ್ಡ್ ಅಪ್ರೋಚ್ ಎಂಬುದು ಅದರ ಹೆಸರು.

ಈ ಭಾಗಗಳನ್ನೆಲ್ಲಾ ಕೂಡಿಸಿ ಓದಬೇಕೆಂಬುದಕ್ಕೆ ಒಂದು ದುಃಖಕರವಾದ ನಿದರ್ಶನವುಂಟು. ೧೯೭೪ನೆಯ ದಶಂಬರ್ ೧ರಂದು ಟಿ.ಡಬ್ಲ್ಯು.ಎ. ಸಂಸ್ಥೆಯ ೫೧೪ನೆಯ ವಿಮಾನವು ವಾಷಿಂಗ್ಟನ್ ನಗರದ ಬಳಿಯ ಡಲ್ಲಸ್ ನಿಲ್ದಾಣಕ್ಕೆ ಮೋಡದೊಳಗಿಂದ ಬರುತ್ತಿತ್ತು. ಇಳಿಯಲು ಅಪ್ಪಣೆಯಾಯಿತೆಂದು ಕೇಳಿದ ಚಾಲಕರು ೧೮೦೦ ಅಡಿಗೆ ಇಳಿಯತೊಡಗಿದರು. ರೌಂಡ್ ಹಿಲ್ ಎಂಬ ಸ್ಥಾನವನ್ನು ದಾಟಿದ ಮೇಲೆ ಆ ಎತ್ತರವು ಸರಿಯೇ. ಆದರೆ ಅವರು ಅಲ್ಲಿಗಿನ್ನೂ ಮುಟ್ಟಿರಲಿಲ್ಲ. ಮೇಲಿನಿಂದ ನೋಡಿದ ಚಿತ್ರದಲ್ಲಿ ಅದಕ್ಕೆ ಹಿಂದಿನ ದಾರಿಗೆ ೩೪೦೦ ಅಡಿಯೆಂದು ಬರೆದಿತ್ತು. ಪಕ್ಕದಿಂದ ನೋಡಿದ ಚಿತ್ರದಲ್ಲಿ ಅದು ಕಾಣಿಸಲಿಲ್ಲ. ನಾಯಕನು ಆ ೩೪೦೦ನ್ನು ಗಮನಿಸಿ ಬಾಯಿಬಿಟ್ಟು ಹೇಳಿದ್ದನು. ಆದರೂ ಅಪ್ಪಣೆ ದೊರೆತುದರಿಂದ ಇಳಿಯಬಹುದೆಂದು ತೀರ್ಮಾನಿಸಿದರು. ವಿಮಾನವು ಬೆಟ್ಟಕ್ಕೆ ಬಡಿದು ೯೨ ಮಂದಿಯೂ ಮೃತರಾದರು. ನೆಲಸಂಬಂಧವಾದ ಹೇಳಿಕೆಗೂ ಚಾಲಕರ ತಿಳುವಳಿಕೆಗೂ ನಡುವೆ ಅಂತರವಿತ್ತೆಂಬುದು ವಿಚಾರಣೆಯಲ್ಲಿ ಹೊರಬಿತ್ತು. ಆ ಮೇಲೆ ಅಪ್ಪಣೆಯ ಅರ್ಥವನ್ನು ಸ್ಪಷ್ಟಪಡಿಸಿದರು. ನೆಲವು ಸಮೀಪಿಸಿದೆಯೆಂದು ಎಚ್ಚರಿಸುವ ಯಂತ್ರವನ್ನು ದೊಡ್ಡ ವಿಮಾನಗಳಲ್ಲಿ ಕಡ್ಡಾಯಪಡಿಸಿದರು. ಮನಸ್ಸಿನಲ್ಲಿ ಸಂಶಯ ಹುಟ್ಟಿದರೆ ಕೇಳಬೇಕು, ಉತ್ತರ ದೊರೆಯುವ ತನಕ ಇಳಿಯಬಾರದು ಎಂಬುದೇ ಇದರಿಂದ ನಾವು ಕಲಿಯತಕ್ಕದ್ದು.

ಇನ್ನೊಂದು ನಿದರ್ಶನವು ನಮ್ಮ ನಾಡಿನದೇ. ೨೦೧೦ನೆಯ ಮೇ ೨೨ರಂದು ಮಂಗಳೂರಿನಲ್ಲಿ ಇಳಿಯಬೇಕಾಗಿದ್ದ ವಿಮಾನವು ತಕ್ಕ ಇಳಿಜಾರಿಗಿಂತ ಬಹಳ ಮೇಲಿದ್ದಿತು. ಮೇಲಕ್ಕೇರೋಣವೆಂದು ಸಹಚಾಲಕನು ಮೂರು ಸಲ ಸೂಚಿಸಿದರೂ ನಾಯಕನು ಇಳಿಸುವುದನ್ನು ಬಿಡಲಿಲ್ಲವೆಂದು ವಿಚಾರಣೆ ನಡಿಸಿದವರು ಬರೆದಿರುವರು. ೧೬೬ ಮಂದಿಯಲ್ಲಿ ೧೫೮ ಮಂದಿ ತೀರಿಹೋದರು. ನಮ್ಮ ವಾಚಕರಲ್ಲಿ ಆ ದಿನವನ್ನು ಮರೆಯಲಾರದವರು ಇರಬಹುದು. ಅವರ ನೋವನ್ನು ಕೆಣಕುವುದು ನಮ್ಮ ಉದ್ದೇಶವಲ್ಲ. ಮತ್ತೆ ಮೇಲಕ್ಕೇರುವುದು ಸೋಲಲ್ಲವೆಂಬುದನ್ನೂ, ಕಿರಿಯರ ಮಾತಾದರೂ ಎಚ್ಚರಿಕೆಯ ಮಾತನ್ನು ಹಿರಿಯರು ಕೇಳಬೇಕೆಂಬುದನ್ನೂ ಹೇಳುವುದಕ್ಕಾಗಿ ಮಾತ್ರ ಇದನ್ನು ಬರೆದೆವು.

ಮನೆಯಲ್ಲಿ ಅಭ್ಯಾಸಮಾಡುವ ಕ್ರಮವು ಹೀಗಿರಲಿ. ಭಾರತದ ನಿಲ್ದಾಣಗಳ ನಕ್ಷೆಗಳನ್ನು ಏರ್‌ಪೋರ್ಟ್ಸ್ ಅಥಾರಿಟಿಯವರೂ, ಅಮೇರಿಕದವುಗಳನ್ನು ಆ ದೇಶದ ಸರಕಾರದವರೂ ಉಚಿತವಾಗಿ ಪ್ರಕಟಿಸುತ್ತಾರೆ. ಲೋಕದಲ್ಲೆಲ್ಲಾ ಇಂಥ ವಿವರಗಳನ್ನು ೨೮ ದಿನಗಳ ಕ್ರಮದಲ್ಲಿ ತಿದ್ದುವ ಪದ್ಧತಿಯಿರುವುದರಿಂದ ನಕ್ಷೆಯ ತಾರೀಕನ್ನು ನೋಡಬೇಕು; ಸಿಮ್ಯುಲೇಟರಿನೊಳಗಿನ ವಿವರಗಳು ಹಳೆಯವಾಗಿದ್ದರೆ ಎರಡೂ ಹೊಂದಲಾರವು. ಸೆಸ್ನಾ ೧೭೨ರಂಥ ನಿಧಾನವಾದ ಸಣ್ಣ ವಿಮಾನವನ್ನು ಆರಿಸಿಕೊಳ್ಳಬೇಕು. ಹೊರಡುವ ಮೊದಲೇ ಐದು ಭಾಗಗಳನ್ನೂ ಗಟ್ಟಿಯಾಗಿ ಓದಬೇಕು. ಒಬ್ಬಳು ವಿಮಾನವನ್ನು ನಡಿಸುವಾಗ ತಂಗಿಯಾಗಲಿ ತಾಯಿಯಾಗಲಿ ಪಕ್ಕದಲ್ಲಿ ಕುಳಿತು ಅಂಕಿಗಳನ್ನು ಓದಿ ಹೇಳಿದರೆ ಬಹಳ ಉತ್ತಮ. ಮೊದಲು ನಿರ್ಮಲವಾದ ಆಕಾಶದಲ್ಲಿಯೂ, ಅನಂತರ ಮೋಡವನ್ನು ಸ್ವಲ್ಪಸ್ವಲ್ಪವಾಗಿ ತಗ್ಗಿಸಿಯೂ ಅದೇ ನಕ್ಷೆಯನ್ನು ಹತ್ತಾರು ಸಲ ಅನುಸರಿಸಬೇಕು. ಒಮ್ಮೊಮ್ಮೆ ಮೋಡವನ್ನು ನೆಲಕ್ಕೇ ಮುಟ್ಟಿಸಿ, ಇಳಿಯದೆ ಮೇಲಕ್ಕೇರುವುದನ್ನು ಬೇಕೆಂದೇ ಅಭ್ಯಾಸಮಾಡಬೇಕು. ಇಳಿಯುವ ಉತ್ಸಾಹವು ಎಲ್ಲರಿಗೂ ಉಂಟು. ಬಿಟ್ಟುಬಿಡುವ ಸಾಮರ್ಥ್ಯವಾದರೋ ಅಭ್ಯಾಸದಿಂದಲೇ ಬರತಕ್ಕದ್ದು.

ಇದರಿಂದ ನಿಜವಾದ ವಿಮಾನವನ್ನು ನಡಿಸುವ ಅಧಿಕಾರವು ಯಾರಿಗೂ ದೊರೆಯದು. ಅದಕ್ಕೆ ಗುರುಗಳೂ ಪರೀಕ್ಷೆಗಳೂ ಬೇಕು. ಆದರೂ ಬಾಗಿಲು ಎಲ್ಲಿದೆಯೆಂದು ಇದರಿಂದ ತಿಳಿಯುವುದು. ೨೦೨೧ನೆಯ ಜನವರಿ ೧೧ರಂದು ಸಾನ್ ಫ್ರಾನ್ಸಿಸ್ಕೋದಿಂದ ಉತ್ತರಧ್ರುವದ ಮಾರ್ಗವಾಗಿ ಬೆಂಗಳೂರಿಗೆ ಬಂದಿಳಿದ ಏರ್ ಇಂಡಿಯಾ ವಿಮಾನವನ್ನು ನಡಿಸಿದವರು ಝೋಯಾ ಅಗರ್ವಾಲರೂ ಅವರ ಸಂಗಡಿಗರೂ ಆದ ನಾಲ್ವರು ಸ್ತ್ರೀಯರೇ. ಅವರೂ ಒಂದು ಕಾಲದಲ್ಲಿ ಇಂಥ ನಕ್ಷೆಯನ್ನು ಮೊದಲ ಸಲ ಕೈಗೆತ್ತಿಕೊಂಡು, ಈ ಗೆರೆಯೇನು, ಈ ಅಂಕಿಯೇನು ಎಂದು ಕಲಿಯಬೇಕಾಗಿದ್ದಿತಷ್ಟೆ. ಆದುದರಿಂದ ಮಗಳು ಕಂಪ್ಯೂಟರಿನ ಮುಂದೆ ವಿಮಾನವನ್ನು ಹಾರಿಸುತ್ತಿರುವುದನ್ನು ಕಂಡ ತಾಯಿತಂದೆಗಳು ಅವಳನ್ನು ಗದರಿಸುವುದಕ್ಕೆ ಮುಂಚೆ, ನಿನ್ನ ನಕ್ಷೆಯೆಲ್ಲಿ, ಅದನ್ನು ನಮಗೆ ಓದಿ ಹೇಳು ಎಂದು ಕೇಳಬೇಕೆಂಬುದೇ ನಮ್ಮ ಬಿನ್ನಹ.